ಹಲ್ಲು ಮುಟ್ಟಿದವರ ಪಟ್ಟಿ

ನಿನ್ನ ಕ್ಲಾಸಿನ ಗುಂಡನಿಗೆ ಜ್ವರವಂತೆ ಎಂದು ಹೆಡ್‌ಮಿಸ್ ಬಾಗಿಲ ಹೊರಗೇ ನಿಂತು ಹೇಳಿದಾಗ ಎರಡನೇ ಕ್ಲಾಸಿನ ಟೀಚರ್ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದರು. ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದೊಯ್ದು ಕೊರೊನಾ ಪರೀಕ್ಷೆಗೆ ಮೂಗಿಗೆ ಕಡ್ಡಿ ಹಾಕಿಸಿದ್ದಾರೆ, ವರದಿ ಬರುವುದು ಮಧ್ಯಾಹ್ನ. ಹೆಡ್‌ಮಿಸ್ ಕೈ ಚಾಚಿ ಒಂದು ಫಾರಂ ಕೊಟ್ಟರು. ಕಳೆದೆರಡು ದಿನಗಳಲ್ಲಿ ಗುಂಡನ ಹತ್ತಿರ, ಅಂದರೆ ಒಂದು ಮಾರು ದೂರದೊಳಗೆ, ಯಾರ್ಯಾರು ಸುಳಿದಿದ್ದರು ಎಂದು ಅದರಲ್ಲಿ ಬರೆಯಬೇಕು. ವರದಿಯಲ್ಲಿ ಕೊರೊನಾ ಇದೆಯೆಂದು ಬಂದರೆ ಆ ಹೆಸರಿನವರೆಲ್ಲ ಹದಿನಾಲ್ಕು ದಿನ ಮನೆಯಲ್ಲಿ. ಐದು ಹೆಸರು ದಾಟಿದರೆ ಇಡೀ ಕ್ಲಾಸಿಗೇ ಬೀಗ.

ಬೀಗ ಅಂದರೆ ಸಾಕು, ಟೀಚರ್‌ಗೆ ಮೈ ಉರಿಯುತ್ತಿತ್ತು. ಈ ಮಕ್ಕಳನ್ನು ಒಂದೂವರೆ ವರ್ಷ ಫೋನಿನ ಪರದೆಯಲ್ಲಿ ನೋಡಿ ನೋಡಿ ಸಾಕಾಗಿ, ಶಾಲೆ ತೆರೆದು ಇನ್ನೂ ಹತ್ತೊಂಬತ್ತು ದಿನ. ತೆರೆದದ್ದಾದರೂ ಏನು ಸುಖ? ನೆಲದ ಮೇಲೆ ಹಳದಿ ವೃತ್ತ, ವೃತ್ತಕ್ಕೊಂದು ಡೆಸ್ಕು, ಡೆಸ್ಕಿಗೊಂದು ಮಗು. ರಬ್ಬರು ಕೊಡಕೂಡದು, ಪೆನ್ಸಿಲ್ ಇಸಕೊಳ್ಳಕೂಡದು, ಹಾಡು ಹೇಳಕೂಡದು. ಈ ನಿಯಮ ಬರೆದ ಪುಣ್ಯಾತ್ಮರು ಏಳು ವರ್ಷದ ಮಗುವನ್ನು ಕಣ್ಣಾರೆ ಕಂಡಿದ್ದಾರೋ ಇಲ್ಲವೋ! ಆದರೆ ಟೀಚರ್‌ಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ನಿಯಮವಲ್ಲ, ಮಕ್ಕಳು. ಹೇಳಿದ್ದನ್ನೆಲ್ಲ ಕೇಳುತ್ತಿದ್ದವು. ಹತ್ತೊಂಬತ್ತು ದಿನದಲ್ಲಿ ಒಂದು ಚಾಡಿ ಇಲ್ಲ, ಒಂದು ಜಗಳ ಇಲ್ಲ. ಅಡುಗೆಮನೆಯ ಡಬ್ಬಿಗಳ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಇವಕ್ಕೆ ಒಬ್ಬರ ಜೊತೆ ಒಬ್ಬರು ಸೇರುವುದೇ ಮರೆತುಹೋಯಿತೇನೋ ಎಂದು ಅವರು ಗಂಡನ ಮುಂದೆ ಕಣ್ಣೀರು ಹಾಕಿದ್ದೂ ಉಂಟು.

ಹಾಗಾಗಿ ಗುಂಡನ ಹತ್ತಿರ ಯಾರಾದರೂ ಹೋಗಿದ್ದಿರಾ ಎಂದು ಧೈರ್ಯವಾಗಿಯೇ ಕೇಳಿದರು. ಇಪ್ಪತ್ತೊಂದು ತಲೆಗಳು ಇಲ್ಲವೆಂದು ಅಲ್ಲಾಡಿದವು. 'ಯಾರೂ ಇಲ್ಲ' ಎಂದು ಬರೆದು ಸಹಿ ಹಾಕುವಷ್ಟರಲ್ಲಿ ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ಕೈ ಎತ್ತಿದಳು.

"ಮಿಸ್, ಹಲ್ಲು ಮುಟ್ಟಿದ್ರೆ ಹತ್ರ ಹೋದಂಗಾ?"

"ಯಾರ ಹಲ್ಲು?"

"ಗುಂಡಂದು. ಮುಂದಿನ ಹಲ್ಲು ಅಲ್ಲಾಡ್ತಿದೆ ಮಿಸ್. ಒಬ್ಬೊಬ್ಬರಿಗೆ ಒಂದೊಂದ್ಸಲ ಅಲ್ಲಾಡಿಸೋಕೆ ಕೊಡ್ತಾನೆ."

ಅವಳು ಬಾಯಿ ಬಿಟ್ಟದ್ದೇ ತಡ, ಉಳಿದವೂ ಬಿಟ್ಟವು. ಎರಡು ದಿನದಿಂದ ಬಿಡುವಿನ ಹೊತ್ತಿಗೆ ನೀರಿನ ಟ್ಯಾಂಕಿನ ಹಿಂದೆ ಈ ಕಾರ್ಯಕ್ರಮ ನಡೆದಿತ್ತಂತೆ. ಅದೂ ಎಷ್ಟು ಶಿಸ್ತು! ಅಂತರ ಬಿಟ್ಟು ಸಾಲು ನಿಲ್ಲುವುದು, ಸರದಿ ಬಂದಾಗ ಗುಂಡ ಮಾಸ್ಕ್ ಇಳಿಸುವುದು, ಎರಡು ಬೆರಳಲ್ಲಿ ಹಲ್ಲು ಹಿಡಿದು ಅಲ್ಲಾಡಿಸಿ ವಾಪಸ್ ಬರುವುದು. ಮುಟ್ಟುವ ಮುಂಚೆ ಎಲ್ಲರೂ ತಪ್ಪದೆ ಸ್ಯಾನಿಟೈಸರ್ ಹಾಕಿಕೊಂಡಿದ್ದರಂತೆ, ಬಾಯೆಲ್ಲ ಕಹಿಯಾಯಿತು ಎಂದು ಗುಂಡನೇ ಬೈದನಂತೆ. ಯಾರ್ಯಾರು ಮುಟ್ಟಿದಿರಿ ಎಂದದ್ದಕ್ಕೆ ಇಪ್ಪತ್ತು ಕೈಗಳು ಮೇಲೆದ್ದವು. ಕೊನೆಯ ಸಾಲಿನ ಪುಟ್ಟಿ ಮಾತ್ರ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಅವಳ ಸರದಿ ಇವತ್ತಿತ್ತಂತೆ.

ಟೀಚರ್ ಕಕ್ಕಾಬಿಕ್ಕಿಯಾದರು. ನಗು ಉಕ್ಕಿ ಬರುತ್ತಿತ್ತು, ಜೊತೆಗೇ ಹೆದರಿಕೆಯೂ. 'ಯಾರೂ ಇಲ್ಲ' ಎಂದು ಹೇಗೂ ಬರೆದಾಗಿದೆ, ಹಾಗೇ ಕೊಟ್ಟರೆ ಕೇಳುವವರು ಯಾರು? ಆದರೆ ಈ ಮಕ್ಕಳ ಮನೆಗಳಲ್ಲಿ ಅಜ್ಜಂದಿರು, ಅಜ್ಜಿಯರು ಇದ್ದರು. ನಿಟ್ಟುಸಿರು ಬಿಟ್ಟು ಬರೆದದ್ದನ್ನು ಹೊಡೆದುಹಾಕಿ, ಒಂದೊಂದಾಗಿ ಇಪ್ಪತ್ತೂ ಹೆಸರು ಬರೆದರು.

"ಏನಮ್ಮಾ ಇದು, ಹಾಜರಿ ಪುಸ್ತಕಾನೇ ಇಳಿಸ್ಕೊಂಡು ಬಂದಿದ್ದೀಯಲ್ಲ?" ಎಂದರು ಹೆಡ್‌ಮಿಸ್. ಆಮೇಲೆ ಕಾರಣದ ಕಾಲಂ ನೋಡಿದರು. ಇಪ್ಪತ್ತು ಸಲವೂ 'ಹಲ್ಲು ಅಲ್ಲಾಡಿಸಿದ್ದು' ಎಂದಿತ್ತು. ಟೀಚರ್‌ಗೆ ಕುರ್ಚಿ ಎಳೆದುಕೊಟ್ಟರು. ಇಬ್ಬರೂ ಫೋನಿನ ಎದುರು ಕೂತರು. ಊಟದ ಡಬ್ಬಿ ಇಬ್ಬರೂ ತೆರೆಯಲಿಲ್ಲ.

ಎರಡು ಗಂಟೆಗೆ ಗುಂಡನ ತಾಯಿಯ ಫೋನು ಬಂತು. ಹೆಡ್‌ಮಿಸ್ ಸ್ಪೀಕರ್ ಹಾಕಿದರು.

"ಕೊರೊನಾ ಇಲ್ವಂತೆ ಮೇಡಂ. ವಸಡು ಬಾತು ಕೀವಾಗಿತ್ತಂತೆ, ಅದಕ್ಕೇ ಜ್ವರ. ಈ ಹಲ್ಲಿಗೆ ಇಷ್ಟು ಹಿಂಸೆ ಕೊಟ್ಟೋರು ಯಾರು ಅಂತ ಡಾಕ್ಟರ್ ನನ್ನನ್ನೇ ಗದರಿದ್ರು. ಕಿತ್ತು ಕೈಗೆ ಕೊಟ್ಟಿದಾರೆ."

ಟೀಚರ್‌ಗೆ ಹೋದ ಜೀವ ಬಂದಂತಾಯಿತು. ಅಬ್ಬಾ, ಹೋದರೆ ಹಲ್ಲು ಹೋಯಿತು, ಕ್ಲಾಸು ಉಳಿಯಿತು! ಹೆಡ್‌ಮಿಸ್ ಫೋನಿಟ್ಟವರೇ ನಗಲು ಶುರುಮಾಡಿದರು. ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಾಳೆಯೂ ಕ್ಲಾಸಿದೆ, ಹೋಗಿ ಮಕ್ಕಳಿಗೆ ಹೇಳು ಎಂದರು.

ಟೀಚರ್ ಹೆಚ್ಚುಕಡಿಮೆ ಓಡಿಕೊಂಡೇ ಬಂದು ಹೇಳಿದರು. ಗುಂಡ ಚೆನ್ನಾಗಿದ್ದಾನೆ, ಕ್ಲಾಸು ನಿಲ್ಲುವುದಿಲ್ಲ, ಹಲ್ಲು ಮಾತ್ರ ಕಿತ್ತುಬಂದಿದೆ. ಕೂಡಲೇ ಎರಡು ಜಡೆಯವಳು, ಹಲ್ಲು ಸಡಿಲವಾದದ್ದು ತನ್ನಿಂದಲೇ ಎಂದಳು. ಆಹಾ, ಸುಳ್ಳಿ, ನಾನು ಅಲ್ಲಾಡಿಸಿದಾಗಲೇ ಲಟಕ್ಕೆಂದಿತ್ತು ಎಂದು ಪಕ್ಕದ ವೃತ್ತದ ಹುಡುಗ ಎದ್ದು ಬಂದ. ಜಡೆಗೆ ಕೈ ಬಿತ್ತು, ಕಾಲರಿಗೆ ಕೈ ಬಿತ್ತು. ಸರದಿ ತಪ್ಪಿಸಿಕೊಂಡ ಪುಟ್ಟಿ ಭೋರೆಂದು ಅಳತೊಡಗಿದಳು. ಮಿಸ್, ಇವನ್ನ ನೋಡಿ ಮಿಸ್ ಎಂದು ನಾಲ್ಕು ಕಡೆಯಿಂದ ಚಾಡಿ ಹಾರಿ ಬಂತು. ಹಳದಿ ವೃತ್ತದೊಳಗೆ ಒಬ್ಬರೂ ಉಳಿಯಲಿಲ್ಲ.

ಸಾಕು, ಕೂತ್ಕೊಳ್ಳಿ ಎನ್ನಲು ಟೀಚರ್ ಬಾಯಿ ತೆರೆದರು. ತೆರೆದದ್ದನ್ನು ಹಾಗೇ ಮುಚ್ಚಿಕೊಂಡು, ಹೆಡ್‌ಮಿಸ್‌ಗೆ ಕೇಳಿಸದಿರಲಿ ಎಂದು ಮೆಲ್ಲಗೆ ಬಾಗಿಲು ಹಾಕಿದರು. ಅದಕ್ಕೆ ಬೆನ್ನು ಕೊಟ್ಟು ನಿಂತು ಜಗಳವನ್ನು ಕಣ್ತುಂಬ ನೋಡತೊಡಗಿದರು.