ವಸ್ತಾದರ ಬಾಯಿ

ಕುಸ್ತಿಗೆ ಇನ್ನು ಅರ್ಧ ತಾಸಿದೆ ಎನ್ನುವಾಗ ಧೂಳಪ್ಪ ಮೂರನೆಯ ಸಲ ತಂಬಿಗೆ ಹಿಡಿದು ಜಾಲಿಗಿಡಗಳ ಮರೆಗೆ ಓಡಿದ. ಉಮರ್ಗಾದ ಬಯಲಿನಲ್ಲಿ ಸೇರಿದ್ದ ಜನಕ್ಕೆ ಇದು ಹೊಸದಲ್ಲ. ತನ್ನೂರು ಕಾಸಾರಶಿರಸಿಯ ತಾಲೀಮಿನ ಗರಡಿಯಲ್ಲಿ ಒಬ್ಬರಾದ ಮೇಲೊಬ್ಬರಂತೆ ಎಂಟು ಮಂದಿಗೆ ಮಣ್ಣು ಮುಕ್ಕಿಸುವ ಆಳು, ಪರ ಊರಿನ ಅಖಾಡದಲ್ಲಿ ಹಲಗೆವಾದ್ಯದ ಸದ್ದು ಕೇಳಿದರೆ ಸಾಕು, ಮೊಣಕಾಲಿನ ಬಲ ಕಳೆದುಕೊಳ್ಳುತ್ತಿದ್ದ. ಇದುವರೆಗೆ ನಾಲ್ಕು ಕುಸ್ತಿ. ನಾಲ್ಕರಲ್ಲೂ ಬೆನ್ನು ನೆಲಕ್ಕೆ.

ಈ ಸಲ ಸೋತರೆ ತಾಲೀಮೇ ಹೋಗುವುದಿತ್ತು. ಅದಕ್ಕೆ ಜಾಗ ಕೊಟ್ಟಿದ್ದ ಪಾಟೀಲ ವಿಶ್ವನಾಥಪ್ಪ ಚಾವಡಿಯಲ್ಲಿ ಎಲ್ಲರೆದುರು ಹೇಳಿದ್ದ: "ಐದನೇದೂ ಹೋತಂದ್ರ ಅಲ್ಲಿ ಜ್ವಾಳದ ಕಣಿಕಿ ಒಟ್ತೀನಿ. ಎಮ್ಮಿ ತಿಂದು ಹಾಲರ ಕೊಡ್ತಾವ." ಈಗ ಅವನು ಹೊಸ ಬಿಳಿ ರುಮಾಲು ಸುತ್ತಿಕೊಂಡು ತಹಶೀಲದಾರ ಸಾಹೇಬರ ಪಕ್ಕದಲ್ಲಿ ಎದೆಯುಬ್ಬಿಸಿ ಕೂತಿದ್ದ.

ಧೂಳಪ್ಪ ಬೇವಿನ ಗಿಡದ ಕೆಳಗೆ ಮರಳಿ ಬಂದು ಕೂತೊಡನೆ ವಸ್ತಾದ ರಾಚಯ್ಯ ಶಿಷ್ಯನಿಗೆ ಧೈರ್ಯ ತುಂಬಲು ಶುರು ಮಾಡಿದ.

"ಆ ಉದಗೀರದ ಅಮೋಘಸಿದ್ಧ ಅಂದ್ರ ಏನಂತ ತಿಳ್ದಿ? ದಿನಾ ಐದು ಸೇರು ಹಾಲು ಕುಡೀತಾನ. ಹೋದ ವರ್ಷ ನಿಲಂಗಾದಾಗ ಒಬ್ಬನ ಭುಜಾ ಮುರದಾನ. ನೀ ಎಡಗಾಲು ಮುಂದಿಟ್ಟಿ ಅಂದ್ರ ಸತ್ತಿ. ಬಲಗಾಲು ಇಟ್ಟಿ ಅಂದ್ರೂ ಸತ್ತಿ. ಖಬರದಾರ್! ಆದ್ರ ಒಂದು ಮಾತು, ಅಂಜಬ್ಯಾಡ!"

ಧೂಳಪ್ಪ ಎದ್ದು ನಾಲ್ಕನೆಯ ಸಲ ತಂಬಿಗೆ ಎತ್ತಿಕೊಂಡ.

ಅವನ ಹೆಂಡತಿ ಮಾಳವ್ವ ಕುರಿಗಳನ್ನು ಅತ್ತೆಗೆ ಒಪ್ಪಿಸಿ ಇದೇ ಮೊದಲ ಸಲ ಗಂಡನ ಕುಸ್ತಿಗೆ ಬಂದಿದ್ದಳು. ಅವನು ಜಾಲಿಯ ಮರೆ ಸೇರುವವರೆಗೂ ನೋಡಿ, ರಾಚಯ್ಯನ ಕಡೆ ತಿರುಗಿದಳು.

"ಅಪ್ಪಾರ, ಹಿಂದಿನ ನಾಕು ಸಲಾನೂ ಹಿಂಗ ಹೇಳಿದ್ರೇನ್ರಿ?"

"ಇದಕ್ಕಿಂತ ಜೋರು ಹೇಳಿದ್ದೆ. ಆದ್ರೂ ಬಿದ್ದ ನಿನ್ನ ಗಂಡ."

"ನಾವು ಕುರಿ ಹೊಳಿ ದಾಟಿಸಬೇಕಾದ್ರ ಹಿಂದ ನಿಂತು ಒದರಾಂಗಿಲ್ರಿ. ಒದರಿದ್ರ ಈಸು ಬರೋ ಕುರಿನೂ ಮುಳಗತದ."

"ಇಂವಾ ಏನು ಕುರಿ ಏನು?"

"ನೀವ ಮಾಡೀರಲ್ರಿ."

ಮೂವತ್ತು ವರ್ಷ ಮಂದಿಗೆ ಬೈದುಕೊಂಡೇ ಬಂದಿದ್ದ ರಾಚಯ್ಯ ಬೈಯಲು ಮೀಸೆ ತೀಡಿದ. ಅಷ್ಟರಲ್ಲಿ ಮಾಳವ್ವ ಅವನ ಎಲೆಯಡಿಕೆಯ ಸಂಚಿ ಬಿಚ್ಚಿ, ಐದು ಎಲೆ ಒಟ್ಟಿಗೆ ಮಡಿಸಿ, ಒಂದು ಮುಷ್ಟಿ ಅಡಿಕೆ ತುರುಕಿ, ಸುಣ್ಣ ತಂಬಾಕು ಸೇರಿಸಿ, ನಿಂಬೆಹಣ್ಣಿನ ಗಾತ್ರದ ಬೀಡಾ ಕಟ್ಟಿದಳು.

"ಕುಸ್ತಿ ಮುಗಿಯೂತನ ಇದನ್ನ ಉಗುಳಬ್ಯಾಡ್ರಿ."

"ಮತ್ತ ಅಂವಗ ದಾವ-ಪಟ್ಟು ಹೇಳಾವ್ರು ಯಾರು?"

"ಇಷ್ಟು ದಿನ ನೀವು ಹೇಳೀರಿ. ಇವತ್ತೊಂದಿನ ಅಂವಾ ಕಲ್ತಿದ್ದು ಅಂವಾ ಮಾಡ್ಲಿ. ಇಲ್ಲಂದ್ರ ನಾಳಿಂದ ಅಲ್ಲಿ ಎಮ್ಮಿಗಿ ದಾವ ಹೇಳ್ರಿ."

ರಾಚಯ್ಯ ತನ್ನ ತಾಲೀಮಿನ ಕೆಂಪು ಮಣ್ಣಿನ ಮೇಲೆ ಎಮ್ಮೆಯೊಂದು ಸಗಣಿ ಹಾಕುವುದನ್ನು ಕಣ್ಣಿಗೆ ತಂದುಕೊಂಡ. ಬೀಡಾಕ್ಕೆ ಬಾಯಿ ತೆರೆದ.

ಹಲಗೆ ಬಡಿದರು. ವಸ್ತಾದ ಹೋಗಿ ವಿಶ್ವನಾಥಪ್ಪನ ಬೆನ್ನ ಹಿಂದೆ ನಿಂತ. ಅಮೋಘಸಿದ್ಧ ವಾಡೆಯ ಬಾಗಿಲಿನಷ್ಟು ಅಗಲವಾಗಿದ್ದ. ಬಂದವನೇ ಧೂಳಪ್ಪನ ಕುತ್ತಿಗೆಗೆ ಕೈ ಹಾಕಿ ಅದುಮತೊಡಗಿದ. ರೂಢಿಯಂತೆ ಧೂಳಪ್ಪ ವಸ್ತಾದರ ಕಡೆ ಕಣ್ಣು ಹೊರಳಿಸಿದ. ಪ್ರತಿ ಸಲ ಅಲ್ಲಿಂದ "ಎಡಕ್ಕ! ಅಲ್ಲೋ, ಬಲಕ್ಕ! ಸತ್ತೆಲ್ಲೋ ಹುಚ್ಚಪ್ಯಾಲಿ!" ಎಂಬ ಕೂಗು ಬರುತ್ತಿತ್ತು. ಇವತ್ತು ಸದ್ದಿಲ್ಲ. ರಾಚಯ್ಯನ ಎರಡೂ ಗಲ್ಲ ಊದಿದ್ದವು, ಕಣ್ಣು ಹೊರಬಂದಿದ್ದವು, ಕೈಗಳು ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದವು. ಶಿಷ್ಯನ ಕುತ್ತಿಗೆ ಇನ್ನಷ್ಟು ಬಗ್ಗಿದ್ದನ್ನು ಕಂಡು ಪಾಪದ ಮುದುಕ ತಡೆಯಲಾರದೆ "ಎಡಗಾ..." ಎಂದ. ಆ ಅರ್ಧ ಮಾತಿನ ಜೊತೆ ಬೀಡಾ ಅಷ್ಟೂ ಹಾರಿ ವಿಶ್ವನಾಥಪ್ಪನ ಬಿಳಿ ರುಮಾಲಿನ ಮೇಲೆ ಕೂತಿತು.

ಧೂಳಪ್ಪನಿಗೆ ನಗು ಬಂತು. ಬೆಳಗಿನಿಂದ ಅವನನ್ನು ಗೋಳು ಹೊಯ್ದುಕೊಂಡಿದ್ದ ಹೊಟ್ಟೆಯೇ ಈಗ ಕುಲುಕಾಡಿ ನಗತೊಡಗಿತು. ಬಿಗಿದ ಹೆಗಲು ಸಡಿಲವಾಯಿತು, ಉಸಿರು ಕೆಳಗಿಳಿಯಿತು, ಮೊಣಕಾಲಿಗೆ ಬಲ ಮರಳಿತು. ತನ್ನ ಹಿಡಿತದಲ್ಲಿ ಸಿಕ್ಕವರು ನರಳುವುದನ್ನು ಮಾತ್ರ ಕೇಳಿದ್ದ ಅಮೋಘಸಿದ್ಧ ಗಲಿಬಿಲಿಗೊಂಡ. ಇಂವಾ ಯಾಕೆ ನಗುತ್ತಾನೆ? ಲಂಗೋಟಿಯೇನಾದರೂ ಬಿಚ್ಚಿತೇ ಎಂದು ಬಗ್ಗಿ ನೋಡಿಕೊಂಡ. ಅವನು ತಲೆ ಎತ್ತುವುದರೊಳಗೆ ಧೂಳಪ್ಪ ಅವನ ಸೊಂಟಕ್ಕೆ ಕೈ ಹಾಕಿ, ತಾಲೀಮಿನಲ್ಲಿ ಎಷ್ಟೋ ಸಾವಿರ ಸಲ ಎತ್ತಿದಂತೆ ಎತ್ತಿ, ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದ.

ಜನ ಧೂಳಪ್ಪನನ್ನು ಒಂದು ಹೆಗಲ ಮೇಲೆ, ರಾಚಯ್ಯನನ್ನು ಇನ್ನೊಂದು ಹೆಗಲ ಮೇಲೆ ಹೊತ್ತು ಕುಣಿದರು. ವಿಶ್ವನಾಥಪ್ಪ ಏನೋ ಬೈಯಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ತಹಶೀಲದಾರರು "ಶಾಬಾಸ್, ಪಾಟೀಲ್! ಎಂಥಾ ತಾಲೀಮು ನಡೆಸುತ್ತೀರಿ!" ಎಂದು ಕೈ ಕುಲುಕಿದರು. ಅವನು ಕೆಂಪು ರುಮಾಲಿನಲ್ಲೇ ಬಗ್ಗಿ ಸಲಾಮು ಮಾಡಿದ. ಕಣಿಕಿಯ ಮಾತು ಅಲ್ಲಿಗೆ ಮುಗಿಯಿತು.

ಊರಿಗೆ ಮರಳುವ ಬಂಡಿಯಲ್ಲಿ ಧೂಳಪ್ಪ ಗೊರಕೆ ಹೊಡೆಯುತ್ತಿದ್ದ. ರಾಚಯ್ಯ ಗಲ್ಲ ಉಜ್ಜಿಕೊಳ್ಳುತ್ತ ಕೂತಿದ್ದ. ಆಮೇಲೆ ಎತ್ತುಗಳ ಬಾಲ ನೋಡುತ್ತಲೇ ಮೆಲ್ಲಗೆ ಕೇಳಿದ:

"ಮಾಳವ್ವಾ, ಮೂವತ್ತು ವರ್ಷದಾಗ ಎಷ್ಟು ಹುಡುಗೂರು ನನ್ನ ಕೈಯಾಗ ಬಂದು ಹೋದ್ರು. ಬಿದ್ದಾವ್ರನ್ನೆಲ್ಲಾ ಕೆಡವಿದಾಂವಾ ನಾನ ಏನವ್ವಾ?"

ಮಾಳವ್ವ ಸೆರಗು ಸರಿ ಮಾಡಿಕೊಂಡು ಸ್ವಲ್ಪ ಯೋಚಿಸಿದಳು.

"ಹಂಗ ನೋಡಿದ್ರ ಅಪ್ಪಾರ, ನಿಮ್ಮಷ್ಟು ಕುಸ್ತಿ ಗೆದ್ದಾಂವಾ ನಿಜಾಮನ ಮುಲುಕಿನಾಗ ಇನ್ನೊಬ್ಬ ಸಿಗಾಂಗಿಲ್ರಿ."