ಎಳೆ ಬಿಟ್ಟ ಗೆರೆ

ನೀಲಗಂಗವ್ವ ಖಾಲಿ ಮಗ್ಗದ ಧೂಳು ಒರೆಸುತ್ತಿದ್ದಾಗ ಹಳೆಯ ಅರಮನೆಯ ಉಸ್ತುವಾರಿಗೆ ಹೊಸದಾಗಿ ಬಂದ ಸಾಹೇಬ ಬಂದು, ಹರಿದ ಪರದೆಯೊಂದನ್ನು ಮುಂದೆ ಹರಡಿದ.

“ಇನ್ನೂರು ವರ್ಷದ್ದು, ಅಜ್ಜಿ. ಇಂಥಾದ್ದs ಹೊಸಾದು ಬೇಕು. ಅಂಚಿನಿಂದ ಗೇಣು ದೂರ ಒಂದು ಎಳಿ ಬಿಟ್ಟು ಗೆರಿ ತಗದಾರ ನೋಡ್ರಿ, ಅದು ರಾಜರ ಗುರುತು! ಮೂರು ಮಂದಿ ನೇಕಾರರು ತಪ್ಪಂತ ತಿಳಕೊಂಡು ಅದನ್ನ ತುಂಬಿಬಿಟ್ರು. ಮೂರೂ ಪರದಿ ವಾಪಸ್ ಕಳಿಸೇನಿ.”

ನೀಲಗಂಗವ್ವ ಗೆರೆಯ ಮೇಲೆ ಬೆರಳಾಡಿಸಿದಳು. ಮಗ್ಗಕ್ಕೆ ಕೆಲಸವಿಲ್ಲದೆ ಎರಡು ತಿಂಗಳಾಗಿತ್ತು.

“ಬರ್ತದ ಬಿಡ್ರಿ.”

ಸಾಹೇಬ ಹೋದ ಮೇಲೆ ಅವಳು ಅಟ್ಟದಿಂದ, ಹಲ್ಲುಗಳ ನಡುವೆ ಎಳೆ ಹಾಯಿಸುವ ಮಗ್ಗದ ಹಳೆಯ ಹಣಿಗೆ ಇಳಿಸಿದಳು.

“ಅತ್ತಿ, ಅದರ ಹಲ್ಲು ಮುರದದಲ್ಲ!” ಎಂದಳು ಸೊಸೆ.

“ಅದಕ್ಕs ಬೇಕು. ನೀ ಸುಮ್ನ ನೂಲು ಹಚ್ಚು.”

ಪರದೆ ಅರಮನೆಯ ಕಿಟಕಿಗೇರಿದ ದಿನ ಸಾಹೇಬ ಫೋನಿನಲ್ಲೇ ಕುಣಿದಾಡಿದ. “ಎಳಿಗೆ ಎಳಿ ಅದs ಬಂದದ ಅಜ್ಜಿ! ಎಲ್ಲಾ ಕಿಟಕಿಗೂ ನೀವs ನೇಯ್ರಿ.”

ನೀಲಗಂಗವ್ವ ಟ್ರಂಕಿನ ತಳದಿಂದ ಒಂದು ಕಾಗದ ತೆಗೆದಳು. ನಲವತ್ತು ವರ್ಷದ ಹಿಂದೆ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ವರ್ಷವೇ ಬರೆದು, ಧೈರ್ಯ ಸಾಲದೆ ಮಡಚಿಟ್ಟದ್ದು. ಈಗ ನಗುತ್ತ ಅಂಚೆಡಬ್ಬಿಗೆ ಹಾಕಿದಳು:

“ಅರಮನೆಯವರಿಗೆ ನಮಸ್ಕಾರ. ಹಿಂದೆ ನಾನು ನಿಮ್ಮ ಕಿಟಕಿಗೆ ನೇಯ್ದು ಕೊಟ್ಟ ಪರದೆಯಲ್ಲಿ, ಹಣಿಗೆಯ ಹಲ್ಲು ಮುರಿದು, ಅಂಚಿನಿಂದ ಗೇಣು ದೂರ ಒಂದು ಎಳೆ ಬಿಟ್ಟುಹೋಗಿದೆ. ತಪ್ಪಾಯಿತು.”