ಮೊಣಕೈಗೆ ಆಶೀರ್ವಾದ

ಅಮ್ಮ ಮೆರ್ಲಿಟಾ ಕೈಗೆ ತೊಡಿಸಿ ಕಟ್ಟಲು ಕಾಲುಚೀಲ ಹಿಡಿದು ಮುಂದೆ ಬಂದ ಕೂಡಲೇ ಪಿನಿಂಗ್ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಎರಡು ವರ್ಷದ ಮಗು. ಮೊಣಕೈ ಮಡಿಕೆಯ ಇಸುಬು ಕೆರೆದು ಕೆರೆದು ಇವತ್ತೂ ರಕ್ತ ಒಸರುತ್ತಿತ್ತು.

"ಕೈ ಕಟ್ಟಬೇಡ್ವೇ," ಎಂದಳು ಅಜ್ಜಿ ಇಸಿದ್ರಾ. "ಕೆರೀಬೇಡ, ತಣ್ಣಗಿರೋ ಕೈ ಒತ್ಕೋ ಅಂತ ನಾನು ಕಲಿಸ್ತಾ ಇದೀನಲ್ಲ."

"ನೀನು ಕಲಿಸೋದ್ರೊಳಗೆ ಇವಳ ಮೈಮೇಲೆ ಚರ್ಮಾನೇ ಇರಲ್ಲ ಬಿಡಮ್ಮ," ಎಂದಳು ಮಗಳು ಮೆರ್ಲಿಟಾ.

ಅಷ್ಟರಲ್ಲಿ ಮೀನು ಮಾರಿ ಬಂದ ತಾತ ಆಂದೋಯ್, ಬಾಗಿಲ ಬಳಿಯ ಬಾನಿಯಲ್ಲಿ ಕೈ ತೊಳೆದು ಒಳಗೆ ಕಾಲಿಟ್ಟ. ಹಿರಿಯರು ಬಂದರೆ ಅವರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುವುದನ್ನು ಪಿನಿಂಗ್ ಹೊಸದಾಗಿ ಕಲಿತಿದ್ದಳು. "ಎಲ್ಲಿ ನನ್ನ ರಾಣಿ, ಆಶೀರ್ವಾದ ಬೇಡ್ವಾ?" ಎಂದು ಅವನು ಬಗ್ಗಿ ಕೈ ಚಾಚಿದ. ಮಗು ಓಡಿಹೋಗಿ ಆ ಕೈಯನ್ನು ಹಣೆಯವರೆಗೆ ಎತ್ತಿ ಅಲ್ಲೇ ನಿಲ್ಲಿಸಿತು. ಕೈ ತಣ್ಣಗಿತ್ತು. ಮೆಲ್ಲಗೆ ಅದನ್ನು ಕೆಳಗಿಳಿಸಿ, ತನ್ನ ಮೊಣಕೈ ಮಡಿಕೆಗೆ ಒತ್ತಿಕೊಂಡು ಕಣ್ಣು ಮುಚ್ಚಿತು.

"ಹಣೆ ಅಲ್ಲೇನೇ ಇರೋದು, ಕಳ್ಳಿ?" ಆಂದೋಯ್ ನಗುತ್ತಾ ಕೈ ಎಳೆದುಕೊಳ್ಳಲು ಹೋದ.

"ಅಲ್ಲಾಡಿದ್ರೆ ನೋಡಿ ಮತ್ತೆ!" ಎಂದಳು ಇಸಿದ್ರಾ.

"ನನ್ನ ಸೊಂಟ ಕಣೇ!"

"ಸೊಂಟದ ವಿಷಯ ಆಮೇಲೆ ನೋಡೋಣ."

ಅವನು ಬಗ್ಗಿಯೇ ನಿಂತ. "ದೇವ್ರು ಈ ಮೊಣಕೈಗೆ ಒಳ್ಳೇದು ಮಾಡ್ಲಿ," ಎಂದ.

ಮೆರ್ಲಿಟಾ ಕಾಲುಚೀಲಗಳನ್ನು ಕೆಳಗಿಟ್ಟು ಬಾಗಿಲಿಗೆ ಹೋದಳು. ತನ್ನೆರಡೂ ಕೈಗಳನ್ನು ಬಾನಿಯ ತಣ್ಣನೆಯ ನೀರಿಗೆ ಇಳಿಸಿದಳು.